ಕೋರಸ್ ಇಲ್ಲದೆ 'ಕಾರ್ಮೆನ್' ಆಡಿದ್ದು: ನನ್ನ ಅನುಭವ

ರಂಗದ ಮೇಲೆ ಕೋರಸ್, ಅಂದರೆ ಗುಂಪಾಗಿ ಹಾಡುವ ಮೇಳ ಇಲ್ಲದೆ, ಐದೇ ವಾದ್ಯ ಇಟ್ಟುಕೊಂಡು ಫ್ರೆಂಚ್ ಸಂಗೀತಗಾರ ಬಿಜೇಯ ಅಪೆರಾ (ಹಾಡಿನ ನಾಟಕ) 'ಕಾರ್ಮೆನ್' ಆಡಬಹುದು. ನಾವು ಆಡಿ ತೋರಿಸಿದ್ದೇವೆ. ಕೈಯಿಂದ ದುಡ್ಡೂ ಹೋಗಿಲ್ಲ. ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆದಿಡುತ್ತಿದ್ದೇನೆ. ಯೂರೋಪಿನಲ್ಲಿ ಹಾಡುವ, ನಾಟಕ ಕಟ್ಟುವ ನಮ್ಮವರು ಈಗ ಅಲ್ಲಲ್ಲಿ ಇದ್ದಾರೆ. ಅವರಿಗೆ ಕಥೆ ಗೊತ್ತು, ಸ್ಕೋರ್ (ಸ್ವರಪ್ರತಿ) ಓದಲು ಬರುತ್ತದೆ. ಹಾಗಾಗಿ ಪಾಠ ಮಾಡುವುದಿಲ್ಲ.

ನಾನು ಹುಬ್ಬಳ್ಳಿ ಕಡೆಯವನು. ವಿಮಾನದ ಕೆಲಸಕ್ಕೆ ಅಂತ ಫ್ರಾನ್ಸಿನ ತೂಲೂಜ್‌ಗೆ ಬಂದವನು. ಸಂಜೆ ಹೊತ್ತು ಊರಾಚೆಯ ಒಂದು ಹವ್ಯಾಸಿ ತಂಡಕ್ಕೆ ನಿರ್ದೇಶನ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ತಂಡ 'ಕಾರ್ಮೆನ್' ಅನ್ನು ದೊಡ್ಡದಾಗಿ ಆಡಿತ್ತು. ಆಗ ನಾನು ಬರೀ ಲೈಟು ನೋಡಿಕೊಳ್ಳುತ್ತಿದ್ದೆ. ಮೂವತ್ತಕ್ಕೂ ಹೆಚ್ಚು ಜನರ ಕೋರಸ್, ಮಕ್ಕಳ ಮೇಳ, ಬಾಡಿಗೆ ಸಮವಸ್ತ್ರ, ಬಾಡಿಗೆ ಸ್ವರಪ್ರತಿ. ಎರಡೇ ಪ್ರದರ್ಶನಕ್ಕೆ ನಾಲ್ಕು ಸಾವಿರ ಯೂರೋ ಹತ್ತಿರ ನಷ್ಟ. ನೋಡಿದವರಿಗೂ ಏನೂ ತಟ್ಟಲಿಲ್ಲ. ಸೈನಿಕರು ಬಂದರು, ಮಕ್ಕಳು ಬಂದರು, ಸಿಗರೇಟು ಕಾರ್ಖಾನೆಯ ಹೆಂಗಸರು ಬಂದರು. ಕೊನೆಗೆ ಸೈನಿಕ ಹೋಸೆ ತಾನು ಪ್ರೀತಿಸಿದ ಕಾರ್ಮೆನ್‌ಳನ್ನು ಕೊಂದಾಗ ಜನ ಕೋಟು ಹುಡುಕುತ್ತಿದ್ದರು.

ಆವತ್ತಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಈ ಅಪೆರಾಕ್ಕೆ ಬೇಕಾದದ್ದು ಇಬ್ಬರ ನಡುವಿನ ಮಾತು, ಮೆರವಣಿಗೆ ಅಲ್ಲ.

ಮಾತು ಅಂದರೆ ನಿಜವಾಗಿ ಮಾತೇ. 1875ರ ಮಾರ್ಚ್ 3ರಂದು ಪ್ಯಾರಿಸ್‌ನ ಒಪೆರಾ-ಕೊಮೀಕ್ ರಂಗಮಂದಿರದಲ್ಲಿ ಇದನ್ನು ಮೊದಲು ಆಡಿದಾಗ ಹಾಡುಗಳ ನಡುವೆ ಸಂಭಾಷಣೆ ಇತ್ತು. ಬಿಜೇ ಅದೇ ಜೂನ್ 3ಕ್ಕೆ ತೀರಿಕೊಂಡ, ವಯಸ್ಸು ಬರೀ 36. ಆಮೇಲೆ ವಿಯೆನ್ನಾ ಪ್ರದರ್ಶನಕ್ಕೆ ಅಂತ ಅವನ ಗೆಳೆಯ ಗಿರೋ ಆ ಸಂಭಾಷಣೆ ತೆಗೆದು, ಹಾಡಿಕೊಂಡೇ ಹೇಳುವ ಚಿಕ್ಕ ಚಿಕ್ಕ ತುಣುಕು ಸೇರಿಸಿದ. ಬಹಳ ವರ್ಷ ಜಗತ್ತು ಕೇಳಿದ್ದು ಆ ರೂಪ. ನಮ್ಮ ಹಳೆಯ ಪ್ರದರ್ಶನವೂ ಅದೇ.

ಅದರಲ್ಲಿ ಏನು ಹೋಯಿತು ಅಂದರೆ, ಹೋಸೆಯ ಹಿಂದಿನ ಕಥೆಯೇ ಹೋಯಿತು. ಮೊದಲ ಅಂಕದ ಸಂಭಾಷಣೆಯಲ್ಲಿ ಅವನು ಅಧಿಕಾರಿ ಜುನಿಗಾಗೆ ತನ್ನ ಊರಿನ ಬಗ್ಗೆ ಹೇಳುತ್ತಾನೆ. ನವಾರ್ ಪ್ರಾಂತದವನು. ಪಾದ್ರಿ ಆಗಬೇಕಿತ್ತು, ಓದು ಬಿಟ್ಟು ಚೆಂಡಾಟದ ಹಿಂದೆ ಬಿದ್ದ. ಒಂದು ದಿನ ಗೆದ್ದಾಗ ಯಾರೋ ಜಗಳ ತೆಗೆದ, ಅದರಲ್ಲೂ ಇವನದೇ ಮೇಲುಗೈ, ಅದಕ್ಕೇ ಊರು ಬಿಡಬೇಕಾಯಿತು. ಅಂದರೆ ಕಾರ್ಮೆನ್ ಮುಖ ನೋಡುವ ಮೊದಲೇ ಈ ಮನುಷ್ಯನ ಕೈ ಎದ್ದಿತ್ತು! ಇದನ್ನು ತೆಗೆದರೆ ಉಳಿಯುವುದು ಒಬ್ಬ ಮುಗ್ಧ ಹುಡುಗ, ಅವನನ್ನು ಕೆಡಿಸಿದ ಒಬ್ಬ ಕೆಟ್ಟ ಹೆಂಗಸು. ಆ ಕಥೆ ಆಡಲು ನನಗೆ ಮನಸ್ಸಿಲ್ಲ. ಅದು ಸುಳ್ಳು ಕಥೆ.

ಹಾಗಾಗಿ ಸಂಭಾಷಣೆ ವಾಪಸ್ ತಂದೆ. ಪೂರ್ತಿ ಅಲ್ಲ, ಮೂರನೇ ಒಂದು ಭಾಗದಷ್ಟು. ಹೋಸೆಯ ಆ ಮಾತಿನಲ್ಲಿ ಮಾತ್ರ ಒಂದು ಪದವೂ ಬಿಟ್ಟಿಲ್ಲ. ಹೋಸೆ ಆಡುವ ನಮ್ಮ ಟೆನರ್ (ಎತ್ತರದ ಕಂಠದ ಗಾಯಕ) ಪಿರನೀಸ್ ಬೆಟ್ಟದ ಕಡೆಯವನು, ಅವನ ಫ್ರೆಂಚಿನಲ್ಲಿ ಆ ಬೆಟ್ಟದ ಎಳೆತ ಇದೆ. ಗಾಯನ ಗುರುಗಳು ಅದನ್ನು ತಿದ್ದಿಸಿದ್ದರಂತೆ. ನಾನು ವಾಪಸ್ ಬೇಕು ಅಂದೆ. ಅವನು ಕುರ್ಚಿ ಮೇಲೆ ಕೂತು, ತುಪಾಕಿಯ ಚೈನು ಸರಿಮಾಡುತ್ತಾ, ಯಾವುದೋ ಸಾಮಾನ್ಯ ಸಂಗತಿ ಹೇಳುವ ಹಾಗೆ ಅದನ್ನು ಹೇಳಿದಾಗ ತಾಲೀಮಿನಲ್ಲೇ ಎಲ್ಲರೂ ಸುಮ್ಮನಾದರು.

ಇನ್ನು ಕೋರಸ್. ಅದು ಬೇಡ ಅಂದಾಗ ತಂಡದ ಹಿರಿಯರೊಬ್ಬರು ಕಾಗದ ಮಡಚಿಟ್ಟು ಎದ್ದೇ ಹೋದರು. ನಮ್ಮ ಧಾರವಾಡದ ಗೆಳೆಯನೂ ಫೋನಿನಲ್ಲಿ ನಕ್ಕ. "ಕೋರಸ್ ಇಲ್ದ ಕಾರ್ಮೆನ್ ಏನ್ರೀ ಅದು?" ಅಂದ. 1981ರಲ್ಲಿ ಇಂಗ್ಲಿಷ್ ನಿರ್ದೇಶಕ ಪೀಟರ್ ಬ್ರೂಕ್ ಪ್ಯಾರಿಸ್‌ನ ಬೂಫ್ ದ್ಯು ನೋರ್ ರಂಗಮಂದಿರದಲ್ಲಿ ಕೋರಸ್ ಪೂರ್ತಿ ತೆಗೆದು ಆಡಿಸಿದ್ದರಲ್ಲ ಅಂದೆ. "ಅವರು ಬ್ರೂಕ್, ನೀವ್ಯಾರ್ರೀ?" ಅಂದ. ಮಾತು ಸರಿ. ಆದರೆ ಬ್ರೂಕ್ ಕಥೆಯನ್ನೇ ಬದಲಾಯಿಸಿದ್ದರು, ಅದು ಎಂಬತ್ತು ನಿಮಿಷದ ಬೇರೆಯೇ ಕೃತಿ. ನಾನು ಬಿಜೇಯ ಕ್ರಮ ಮುಟ್ಟಿಲ್ಲ. ಕತ್ತರಿಸಿದ್ದೇನೆ, ಹಿಂದೆ ಮುಂದೆ ಮಾಡಿಲ್ಲ. ಮಧ್ಯಂತರ ಬಿಟ್ಟು ಸುಮಾರು ಒಂದು ಮುಕ್ಕಾಲು ಗಂಟೆ.

ಎಂಟು ಗಾಯಕರು, ಒಬ್ಬ ನಟ. ಇದಕ್ಕಿಂತ ಇಳಿಸಲು ಆಗುವುದಿಲ್ಲ, ಎರಡನೇ ಅಂಕದ ಐವರ ಹಾಡಿಗೆ ಐದು ಕಂಠ ಬೇಕೇ ಬೇಕು. ಜುನಿಗಾನ ಪಾತ್ರಕ್ಕೆ ನಟ ಸಾಕು, ಹಾಡಿಸಲಿಲ್ಲ. ಕಾವಲು ಬದಲಾಗುವ ದೃಶ್ಯ, ಮಕ್ಕಳ ಮೇಳ ತೆಗೆದೆ. ಕಾರ್ಮೆನ್ ದುಡಿಯುವ ತಂಬಾಕು ಕಾರ್ಖಾನೆಯ ಜಗಳ ಹೇಗೂ ಒಳಗೆ ನಡೆಯುವುದು. ಹೊರಗೆ ಓಡಿ ಬಂದು ಒಬ್ಬೊಬ್ಬರು ಒಂದೊಂದು ಹೇಳಲು ಇಬ್ಬರು ಹೆಂಗಸರು ಸಾಕು. ಇಬ್ಬರೇ ಇದ್ದಾಗ ಜಗಳ ಜಾಸ್ತಿ ತಿಳಿಯುತ್ತದೆ.

ವಾದ್ಯ: ಪಿಯಾನೋ, ಚೆಲ್ಲೋ, ಕೊಳಲು, ಕ್ಲಾರಿನೆಟ್, ಟ್ರಂಪೆಟ್. ಕಾರ್ಮೆನ್ ಪ್ರವೇಶದ ಹಾಡು ಹಬನೇರಾಗೆ ಚೆಲ್ಲೋ ಬಿಟ್ಟರೆ ಗತಿ ಇಲ್ಲ. ಡಿ, ಎ, ಎಫ್, ಎ ಅಂತ ಶುರುವಾಗುವ ನಾಲ್ಕು ಸ್ವರದ ಅದೇ ಲಯ ಹಾಡಿನ ಉದ್ದಕ್ಕೂ ಹೋಗಬೇಕು. ನಮ್ಮ ಚೆಲ್ಲೋ ಹುಡುಗಿ ಮೊದಲು ಬೇಜಾರು ಮಾಡಿಕೊಂಡಳು. ಅವಳನ್ನು ವಾದ್ಯದವರ ಗುಂಪಿನಿಂದ ಎಬ್ಬಿಸಿ ರಂಗದ ಮೇಲೆ, ಕಾರ್ಮೆನ್ ಬೆನ್ನ ಹಿಂದೆ ಕೂರಿಸಿದೆ. ಕಾರ್ಮೆನ್ ನಡೆದ ಕಡೆ ಅವಳ ಕಣ್ಣು. ಲಯ ಇಬ್ಬರ ನಡುವೆ ಎಳೆದಾಡುವುದು ಕಾಣುತ್ತಿತ್ತು. ಆಮೇಲೆ ಅವಳು ಆ ಜಾಗ ಬಿಟ್ಟುಕೊಡಲು ಒಪ್ಪಲೇ ಇಲ್ಲ.

ನಮ್ಮ ಕಾರ್ಮೆನ್ ಅದೇ ಹಾಡನ್ನು ಹತ್ತಾರು ಸಲ ಬದಲಾಯಿಸಿ ಕೇಳಿದಳು. ನಿಧಾನ ಬೇಕು, ಕೆಳಗಿನ ಸ್ಥಾಯಿ ಬೇಕು, ಪಿಯಾನೋ ಬೇಡ. ಉಳಿದವರು ರೇಗಿದರು, ನಾನು ರೇಗಲಿಲ್ಲ. ಮೊದಲ ಕಾರ್ಮೆನ್ ಆಗಿದ್ದ ಗಾಲಿ-ಮಾರಿಯೇ ಕೂಡ ತನ್ನ ಪ್ರವೇಶದ ಹಾಡು ಒಪ್ಪದೆ ಬಿಜೇ ಕೈಯಲ್ಲಿ ಮತ್ತೆ ಮತ್ತೆ ಬರೆಸಿದವಳು. ಕೊನೆಗೆ ಅವನು ಹಿಡಿದದ್ದು ಇರಾದಿಯೇರ್ ಎಂಬ ಸ್ಪೇನಿನವನ ಧಾಟಿ. ಜನಪದ ಹಾಡು ಅಂತಲೇ ಅವನು ನಂಬಿದ್ದ. ಹಟ ಮಾಡುವ ಕಾರ್ಮೆನ್ ಸಿಕ್ಕರೆ ಬಿಡಬಾರದು.

ವೇಷದ ಬಗ್ಗೆ ಒಂದು ಮಾತು. ಝಾಲರಿ ಲಂಗ, ದೊಡ್ಡ ಓಲೆ, ಕೂದಲಲ್ಲಿ ಗುಲಾಬಿ ಯಾವುದೂ ಬೇಡ ಅಂದೆ. ಕಥೆ ನಡೆಯುವ ಸ್ಪೇನಿನ ಊರು ಸೆವಿಲ್ಯಾಗೆ ಹೋಗಿ ಆ ಕಾರ್ಖಾನೆ ನೋಡಿ ಬಂದಿದ್ದೆ. ಈಗ ಅದು ವಿಶ್ವವಿದ್ಯಾಲಯದ ಕಟ್ಟಡ. ಕೋಟೆ ಥರ ಕಲ್ಲಿನ ಗೋಡೆ, ಮಧ್ಯಾಹ್ನದ ಆ ಬಿಸಿಲು. ಅಲ್ಲಿ ನೂರಾರು ಹೆಂಗಸರು ದಿನವಿಡೀ ಚುಟ್ಟಾ ಸುತ್ತುತ್ತಿದ್ದರು. ಕಾರ್ಮೆನ್ ಕೂಲಿ ಹೆಣ್ಣು, ರೋಮಾ (ಜಿಪ್ಸಿ) ಜನಾಂಗದವಳು. ರೋಮಾ ಜನರ ಹಿರೀಕರು ನಮ್ಮ ಉತ್ತರ ಭಾರತದ ಕಡೆಯಿಂದ ಹೋದವರು. ಅವರನ್ನು ಯೂರೋಪು ಹೇಗೆ ನೋಡಿತು ಅನ್ನುವುದು ಇಲ್ಲಿ ದಿನಾ ಕಾಣುತ್ತದೆ. ಅವರನ್ನು ಗೊಂಬೆ ಮಾಡಿ ಕುಣಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಬೆವರಿದ ರವಿಕೆ, ಕಂದು ಲಂಗ, ಬೆರಳಿಗೆ ತಂಬಾಕಿನ ಕಲೆ. ಕಲೆಗೆ ಕಾಫಿ ಡಿಕಾಕ್ಷನ್ ಸಾಕು. ವೇಷಕ್ಕೆ ಎಲ್ಲ ಸೇರಿ ನಾನೂರು ಯೂರೋ ದಾಟಲಿಲ್ಲ.

ದಾರಿ ತಪ್ಪಿ ಒಂದು ಪ್ರಯೋಗಕ್ಕೂ ಇಳಿದೆ, ಅದನ್ನು ಹೇಳಲೇಬೇಕು. ಎರಡನೇ ಅಂಕದಲ್ಲಿ ಕಾರ್ಮೆನ್ ಕ್ಯಾಸ್ಟನೆಟ್ (ಬೆರಳಿಗೆ ಸಿಕ್ಕಿಸಿ ಬಡಿಯುವ ಚಿಟಿಕೆ ವಾದ್ಯ) ಹಿಡಿದು ಹೋಸೆಗೆ ಕುಣಿದು ತೋರಿಸುತ್ತಾಳಲ್ಲ, ನಮ್ಮವಳಿಗೆ ಅದು ಬರಲಿಲ್ಲ. ಹಿಂದಿನಿಂದ ಬೇರೆಯವರು ಬಾರಿಸಿದರೆ ಮೋಸ ಗೊತ್ತಾಗುತ್ತದೆ. ಈ ಅಪೆರಾಕ್ಕೆ ಮೂಲವಾದ ಫ್ರೆಂಚ್ ಲೇಖಕ ಮೆರಿಮೆಯ ಕಥೆಯಲ್ಲಿ ಅವಳು ತಟ್ಟೆ ಒಡೆದು, ಅದರ ಚೂರನ್ನೇ ಬಡಿದುಕೊಂಡು ಕುಣಿಯುತ್ತಾಳೆ. ಬಹಳ ಜನ ಹಾಗೆ ಆಡಿಸಿದ್ದಾರೆ. ಸರಿ, ಹಳೇ ಸಾಮಾನಿನ ಸಂತೆಯಿಂದ ತಟ್ಟೆ ಹೊತ್ತು ತಂದೆ. ದಪ್ಪ ಮಣ್ಣಿನ ತಟ್ಟೆ ಒಡೆದರೆ ಸದ್ದು ಮಂಕು. ಹೊಸ ಗಾಜಿನ ತಟ್ಟೆ ಪುಡಿಪುಡಿ, ಅಪಾಯ. ತೆಳು ಪಿಂಗಾಣಿಯೇ ಸರಿ, ಅದರಲ್ಲೂ ಅಂಚು ಸ್ವಲ್ಪ ಬಾಗಿದ್ದು. ಅಂಗೈಯಷ್ಟು ಅಗಲದ ಎರಡು ಚೂರು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಬೆರಳು ಸಿಕ್ಕಿಸುವ ಕಡೆ ಬಟ್ಟೆ ಅಂಟಿಸಬೇಕು. ಪ್ರೇಕ್ಷಕರ ಮುಂದೆ ಒಡೆಯುವ ತಟ್ಟೆ ಬೇರೆ, ಕೈಯಲ್ಲಿ ಬಾರಿಸುವ ಚೂರು ಬೇರೆ. ಅದಲು ಬದಲು ಎಲ್ಲಿ ಆಗುತ್ತದೆ ಅನ್ನುವುದನ್ನು ನಾನು ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತವರಿಗೂ ಗೊತ್ತಾಗಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ಅದೇ ಕುಣಿತದ ಮೇಲೆ ದೂರದಿಂದ ಸೈನ್ಯದ ಕಹಳೆ ಕೇಳಬೇಕು. ಟ್ರಂಪೆಟ್‌ನವನನ್ನು ಹೊರಗಿನ ಓಣಿಯಲ್ಲಿ ನಿಲ್ಲಿಸಿದೆವು. ಚಳಿಗಾಲ. ವಾದ್ಯ ತಣ್ಣಗಾಗಿ ಶ್ರುತಿ ಇಳಿಯಿತು, ಒಳಗೆ ಪಿಯಾನೋಗೆ ಕೂಡಲಿಲ್ಲ. ಕಂಬಳಿ ಸುತ್ತಿದೆವು, ಪ್ರಯೋಜನ ಇಲ್ಲ. ಕೊನೆಗೆ ಅವನು ಒಳಗೇ ವಾದ್ಯಕ್ಕೆ ಉಸಿರು ಊದುತ್ತಾ ನಿಂತು, ಅರ್ಧ ನಿಮಿಷ ಇದ್ದಾಗ ಮಾತ್ರ ಹೊರಗೆ ಹೋಗುವುದು ಅಂತ ಆಯಿತು. ಮೂರನೇ ಅಂಕದ ಮುಂಚಿನ ವಾದ್ಯಸಂಗೀತ ಬಿಜೇ ಕೊಳಲು ಮತ್ತು ಹಾರ್ಪ್‌ಗೆ ಬರೆದದ್ದು. ಹಾರ್ಪ್ ಬದಲು ಗಿಟಾರ್ ಇಟ್ಟು ನೋಡಿದೆ, ಪ್ರವಾಸಿ ಹೋಟೆಲಿನ ಸಂಗೀತ ಆಯಿತು. ಪಿಯಾನೋವನ್ನೇ ಹಗುರಾಗಿ ನುಡಿಸಿದ್ದು ಸರಿಹೋಯಿತು.

ಹೋಸೆ ಹಾಡುವ ಹೂವಿನ ಹಾಡಿನ ಕೊನೆಯಲ್ಲಿ ಬರುವ ಎತ್ತರದ ಸ್ವರ ಬಿ-ಫ್ಲ್ಯಾಟ್ ಬಗ್ಗೆ ಟೆನರ್ ಜೊತೆ ನನಗೆ ದೊಡ್ಡ ವಾದ ಆಯಿತು. ಬಿಜೇ ಬರೆದದ್ದು ತೀರಾ ಮೆಲ್ಲಗೆ ಅಂತ. ಎಲ್ಲರೂ ಕಿರುಚುತ್ತಾರೆ, ಚಪ್ಪಾಳೆ ಬೀಳುತ್ತದೆ. ನಮ್ಮ ಸಭಾಂಗಣದಲ್ಲಿ ಆಸನ 130ರ ಆಸುಪಾಸು, ಕಿರುಚುವ ಅಗತ್ಯವೇ ಇಲ್ಲ. ಅವನು ಒಪ್ಪಿ, ಎಳೆ ಹಾಗೆ ತೆಗೆದ. ಚಪ್ಪಾಳೆ ಬೀಳಲಿಲ್ಲ, ಬೀಳಬಾರದಿತ್ತು. ಯಾಕಂದರೆ ಕಾರ್ಮೆನ್ ಮರುಕ್ಷಣವೇ "ಇಲ್ಲ, ನೀನು ನನ್ನನ್ನು ಪ್ರೀತಿಸುವುದಿಲ್ಲ" ಅನ್ನುತ್ತಾಳೆ. ಚಪ್ಪಾಳೆ ಬಿದ್ದರೆ ಆ ಮಾತು ಸತ್ತಂತೆ.

ಈಗ ಕೊನೆಯ ದೃಶ್ಯ. ನನ್ನ ಪೂರ್ತಿ ಲೆಕ್ಕಾಚಾರ ಇದ್ದದ್ದು ಇಲ್ಲಿ. ಇಲ್ಲಿ ಕೋರಸ್ ಸ್ಕೋರ್‌ನಲ್ಲೇ ಗೂಳಿ ಕಾಳಗದ ಅಖಾಡದ ಒಳಗಿನಿಂದ, ಅಂದರೆ ನೇಪಥ್ಯದಿಂದ ಹಾಡುವುದು. ಹೊರಗೆ ಇಬ್ಬರೇ. ಹಾಗಾದರೆ ಜನ ಯಾಕೆ ಕಾಣಬೇಕು? ಪಾತ್ರ ಮುಗಿದ ಗಾಯಕರು, ಊರಿನ ಗಾಯನ ಸಂಘದ ಹತ್ತು ಹನ್ನೆರಡು ಜನ, ಎಲ್ಲರೂ ಸಭಾಂಗಣದ ಹೊರಗಿನ ಓಣಿಯಲ್ಲಿ. ನಡುವೆ ಎರಡು ಕದದ ಹಳೇ ಮರದ ಬಾಗಿಲು. ಬೆಂಗಳೂರಿನ ಒಬ್ಬ ಎಂಜಿನಿಯರ್ ಗೆಳೆಯ ಬಾಗಿಲಿನ ಕೆಲಸ ವಹಿಸಿಕೊಂಡ. ಕೀಲಿಗೆ ಗ್ರೀಸ್ ಹಚ್ಚಿ, ಚೌಕಟ್ಟಿಗೆ ಉಣ್ಣೆ ಪಟ್ಟಿ ಬಡಿದ. ಜನರ ಮೊದಲ ಜಯಕಾರಕ್ಕೆ ಒಂದು ಗೇಣು ತೆರೆಯುವುದು, ಮುಚ್ಚುವುದು. ಎರಡನೆಯದಕ್ಕೆ ಒಂದು ಕದ. ಪ್ರತಿ ಸಲವೂ ಒಳಗಿನ ಸಂಭ್ರಮ ಇನ್ನಷ್ಟು ಹತ್ತಿರ, ಪ್ರತಿ ಸಲವೂ ಕಾರ್ಮೆನ್ ಆ ಕಡೆ ಒಂದು ಹೆಜ್ಜೆ. ಹೋಸೆ ಬಾಗಿಲಿಗೆ ಅಡ್ಡ.

ಅವಳು ಓಡುವುದಿಲ್ಲ. ಇದೊಂದು ನಿಯಮ ಹಾಕಿದ್ದೆ. ತಪ್ಪಿಸಿಕೊಳ್ಳಲು ಓಡುವ ಕಾರ್ಮೆನ್‌ಗಳನ್ನು ಎಷ್ಟೋ ನೋಡಿದ್ದೇನೆ. ಸ್ವತಂತ್ರಳಾಗಿ ಹುಟ್ಟಿದೆ, ಸ್ವತಂತ್ರಳಾಗೇ ಸಾಯುತ್ತೇನೆ ಅನ್ನುವವಳು ಯಾಕೆ ಓಡುತ್ತಾಳೆ? ಸುಮ್ಮನೆ ನಡೆಯುತ್ತಾಳೆ. ದಾರಿ ಅವಳದು. ಹೋಸೆ ಕೊಟ್ಟಿದ್ದ ಉಂಗುರವನ್ನು ಅವಳು ಎಸೆಯುವುದಕ್ಕೆ ಚಿನ್ನದ ನೀರು ಕೊಟ್ಟ ಉಂಗುರ ತಂದಿದ್ದೆವು, ಬಿದ್ದರೆ ಸದ್ದೇ ಇಲ್ಲ. ಪರದೆಗೆ ಹಾಕುವ ದಪ್ಪ ಹಿತ್ತಾಳೆ ಬಳೆ ಕೊಯ್ದು ಬೆರಳಿನ ಅಳತೆಗೆ ಬಗ್ಗಿಸಿದೆ. ಮರದ ನೆಲದ ಮೇಲೆ ಅದು ಉರುಳುವ ಸದ್ದು ಕೊನೆಯ ಸಾಲಿಗೂ ಕೇಳುತ್ತಿತ್ತು.

ಚಾಕು ಬಹಳ ಕಾಡಿತು. ಒಳಗೆ ಸರಿಯುವ ಚಾಕು ಕಟ್ ಅಂತ ಸದ್ದು ಮಾಡಿತು. ರಬ್ಬರಿನದು ಬಾಗಿತು. ಈಗ ನಾವು ಮಾಡುವ ವಿಧಾನದಲ್ಲಿ ಅಲಗೇ ಇಲ್ಲ. ಹೇಗೆ ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಆಮೇಲೆ ಬಾಗಿಲು ಪೂರ್ತಿ ತೆರೆಯುತ್ತದೆ, ಆದರೆ ಯಾರೂ ಒಳಗೆ ಬರುವುದಿಲ್ಲ. ಸಭಾಂಗಣದ ದೀಪ ಮೆಲ್ಲಗೆ ಏರುತ್ತದೆ. "ನನ್ನನ್ನು ಹಿಡಿಯಬಹುದು, ಇವಳನ್ನು ಕೊಂದವನು ನಾನೇ" ಅಂತ ಹೋಸೆ ಹೇಳುವುದು ಟಿಕೆಟ್ ಕೊಂಡು ಕೂತವರಿಗೆ. ಅವರೇ ಅಖಾಡದ ಜನ. ಮೊದಲ ರಾತ್ರಿ ಒಬ್ಬ ವಯಸ್ಸಾದ ಹೆಂಗಸು ಕೂತಲ್ಲಿಂದ ಎದ್ದು ನಿಂತುಬಿಟ್ಟರು. ಎದ್ದು ಹೋಗಿದ್ದ ನಮ್ಮ ಹಿರಿಯರು ಮೂರನೇ ಪ್ರದರ್ಶನಕ್ಕೆ ಬಂದು, ಏನೂ ಹೇಳದೆ ಕುರ್ಚಿ ಜೋಡಿಸಲು ಕೈ ಹಾಕಿದರು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸ್ವರಪ್ರತಿಗೆ ಬಾಡಿಗೆ ಇಲ್ಲ, ಹಕ್ಕು ಮುಗಿದ ಹಳೇ ಪ್ರತಿಯಿಂದ ಐದು ವಾದ್ಯಕ್ಕೆ ಬರೆಸಿದೆವು, ಅದಕ್ಕೆ ಒಂಬೈನೂರು ಯೂರೋ. ಈ ಖರ್ಚಿನಲ್ಲಿ ಚೌಕಾಸಿ ಮಾಡಬೇಡಿ. ಸಭಾಂಗಣಕ್ಕೆ ಸಾವಿರದ ನಾನೂರರ ಹತ್ತಿರ. ವಾದ್ಯದವರಿಗೆ ಎರಡು ಸಾವಿರ. ವಿಮೆ, ಮುದ್ರಣ, ವೇಷ, ತಟ್ಟೆ ಎಲ್ಲ ಸೇರಿ ಒಟ್ಟು ಆರು ಸಾವಿರದ ಒಳಗೆ. ನಾಲ್ಕು ಪ್ರದರ್ಶನ, ಟಿಕೆಟ್ 15, ಕೊನೆಯ ಎರಡು ದಿನ ಕುರ್ಚಿ ಸಾಲದೆ ಬೆಂಚು ಹಾಕಿದೆವು. ಖರ್ಚು ಕಳೆದು ಸಾವಿರಕ್ಕೆ ಸ್ವಲ್ಪ ಕಡಿಮೆ ಉಳಿಯಿತು. ಗಾಯಕರು ಅದನ್ನು ಹಂಚಿಕೊಳ್ಳದೆ ಮುಂದಿನ ಸಲದ ವಾದ್ಯದವರಿಗೆ ಎತ್ತಿಟ್ಟಿದ್ದಾರೆ. ಬೇಸಿಗೆಯಲ್ಲಿ ಸ್ಪೇನ್ ಗಡಿ ಹತ್ತಿರದ ಒಂದು ಊರಿನಲ್ಲಿ ದ್ರಾಕ್ಷಿ ರಸದ ಹಳೇ ಗೋದಾಮು ಕೊಡುತ್ತೇವೆ ಅಂದಿದ್ದಾರೆ. ಅಲ್ಲಿ ಬಾಗಿಲು ಕಬ್ಬಿಣದ್ದು, ಜಾರುವಂಥದ್ದು, ಭಾರಿ ಸದ್ದು. ಗೆಳೆಯ ಈಗಾಗಲೇ ಅಳತೆ ತೆಗೆದುಕೊಂಡು ಬಂದಿದ್ದಾನೆ.