ಹಳೇ ಫೋನಿಗೆ ಲೀನಿಯೇಜ್ ಓಎಸ್ ಹಾಕುವುದು ಹೇಗೆ?

ಸ್ಕ್ರೀನು, ಕ್ಯಾಮೆರಾ ಎಲ್ಲ ಚೆನ್ನಾಗಿಯೇ ಇರುತ್ತದೆ, ಕಂಪನಿಯಿಂದ ಅಪ್‌ಡೇಟ್ ಬರುವುದು ಮಾತ್ರ ನಿಂತುಹೋಗಿರುತ್ತದೆ. 2018ರಲ್ಲಿ ಬಂದ ಒನ್‌ಪ್ಲಸ್ 6 ಅಂಥದ್ದೇ ಒಂದು ಫೋನು. ಅದರ ಅಧಿಕೃತ ಅಪ್‌ಡೇಟು ಆಂಡ್ರಾಯ್ಡ್ 11ಕ್ಕೇ ಮುಗಿಯಿತು. ಇಂಥ ಫೋನುಗಳಿಗೆ ಹೊಸ ಆಂಡ್ರಾಯ್ಡನ್ನು ಸ್ವಯಂಸೇವಕರು ಸಿದ್ಧಪಡಿಸಿ ಪುಕ್ಕಟೆ ಕೊಡುತ್ತಾರೆ. ಅದೇ ಲೀನಿಯೇಜ್ ಓಎಸ್. 2016ರ ಡಿಸೆಂಬರಿನಲ್ಲಿ ಸಯನೋಜೆನ್‌ಮಾಡ್ ಎಂಬ ಇಂಥದ್ದೇ ಹಳೇ ಯೋಜನೆ ನಿಂತಾಗ ಅದರ ಕೋಡನ್ನೇ ಹಿಡಿದು ಮುಂದುವರಿದ ಓಪನ್ ಸೋರ್ಸ್ ಯೋಜನೆ ಇದು. ಗೂಗಲ್ ಆ್ಯಪ್‌ಗಳು ಇದರಲ್ಲಿ ಇರುವುದಿಲ್ಲ. ಬೇಕಾದವರು ತಾವೇ ಹಾಕಿಕೊಳ್ಳಬೇಕು.

ಹಾಕುವ ಕೆಲಸ ಹೆಚ್ಚೆಂದರೆ ಎರಡು ತಾಸಿನದು. ಆದರೆ ಮೊದಲೇ ನೋಡಬೇಕಾದದ್ದನ್ನು ನೋಡದೆ ಕೈ ಹಾಕಿ ಪೇಚಾಡುವವರೇ ಜಾಸ್ತಿ.

ಶುರುಮಾಡುವ ಮೊದಲು

ಲೀನಿಯೇಜ್ ಜಾಲತಾಣದ ಪಟ್ಟಿಯಲ್ಲಿ ನಿಮ್ಮ ಫೋನು ಇದೆಯೇ ನೋಡಿ. ಪ್ರತಿ ಮಾಡೆಲ್‌ಗೂ ಒಂದು ಸಂಕೇತನಾಮ ಇರುತ್ತದೆ. ಒನ್‌ಪ್ಲಸ್ 6ಕ್ಕೆ ‘ಎಂಚಿಲಾಡ’, 6ಟಿಗೆ ‘ಫಜಿಟ’. ಫೈಲಿನ ಹೆಸರಲ್ಲಿ ಈ ಸಂಕೇತನಾಮ ಅಕ್ಷರಶಃ ಹೊಂದಬೇಕು. ‘ಹತ್ತಿರದ ಮಾಡೆಲ್ ತಾನೆ’ ಎಂದು ಬೇರೆ ಫೋನಿನ ಫೈಲು ಹಾಕಬೇಡಿ.

ಫೋನು ಏಳುವಾಗ ಮೊದಲು ಓಡಿ ಓಎಸ್ ಶುರುಮಾಡುವ ಪುಟ್ಟ ಪ್ರೋಗ್ರಾಮು ಬೂಟ್‌ಲೋಡರ್. ಅದು ಅನ್‌ಲಾಕ್ ಆಗದಿದ್ದರೆ ಮುಂದಿನದೇನೂ ನಡೆಯುವುದಿಲ್ಲ. ಶಿಯೋಮಿ ಫೋನುಗಳಲ್ಲಿ ಖಾತೆ ಜೋಡಿಸಿದ ಮೇಲೆ ಸಾಮಾನ್ಯವಾಗಿ ಕೆಲವು ದಿನ ಕಾಯಬೇಕು. ಆತುರಪಟ್ಟು ಮತ್ತೊಮ್ಮೆ ಜೋಡಿಸಿದರೆ ಎಣಿಕೆ ಮೊದಲಿಂದ ಶುರು. ಸ್ಯಾಮ್ಸಂಗ್‌ನಲ್ಲಿ ಹೊಸ ವ್ಯವಸ್ಥೆ ಹಾಕಿದೊಡನೆ ನಾಕ್ಸ್ ಫ್ಯೂಸ್ (ಫೋನಿನ ಸಾಫ್ಟ್‌ವೇರು ಬದಲಾಗಿದೆ ಎಂದು ಗುರುತು ಹಾಕುವ ಭದ್ರತಾ ವ್ಯವಸ್ಥೆ) ಶಾಶ್ವತವಾಗಿ ಹೋಗುತ್ತದೆ, ಆಮೇಲೆ ಹಳೇ ಸಾಫ್ಟ್‌ವೇರಿಗೆ ಮರಳಿದರೂ ಅದು ಸರಿಯಾಗದು.

ಇನ್ನು ದುಡ್ಡಿನ ವಿಷಯ. ಬೂಟ್‌ಲೋಡರ್ ಅನ್‌ಲಾಕ್ ಆದ ಫೋನು ಫೋನಿನ ಸಾಫ್ಟ್‌ವೇರು ಅಸಲಿಯೇ ಎಂದು ನೋಡುವ ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಪರೀಕ್ಷೆಯನ್ನು ಪೂರ್ತಿಯಾಗಿ ಪಾಸು ಮಾಡುವುದಿಲ್ಲ. ಕೆಲವು ಬ್ಯಾಂಕ್ ಆ್ಯಪ್‌ಗಳು ಮತ್ತು ಯುಪಿಐ ಆ್ಯಪ್‌ಗಳು ಇದನ್ನು ನೋಡಿ ತೆರೆಯಲು ಒಪ್ಪುವುದೇ ಇಲ್ಲ. ಇವತ್ತು ನಡೆದದ್ದು ಮುಂದಿನ ಆವೃತ್ತಿಯಲ್ಲಿ ನಡೆಯುತ್ತದೆಂಬ ಖಾತ್ರಿಯೂ ಇಲ್ಲ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಒಂದೇ ಒಂದು ಫೋನು ಇದಾಗಿದ್ದರೆ ಈ ಕೆಲಸಕ್ಕೆ ಇಳಿಯದಿರುವುದೇ ಜಾಣತನ. ಎರಡನೇ ಫೋನಿದ್ದರೆ ಯುಪಿಐ ಅದರಲ್ಲಿರಲಿ. ಅನೇಕ ಫೋನುಗಳಲ್ಲಿ ವೈಡ್‌ವೈನ್ (ವಿಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆ) ದರ್ಜೆ ಎಲ್1ರಿಂದ ಎಲ್3ಕ್ಕೆ ಇಳಿಯುವುದರಿಂದ ನೆಟ್‌ಫ್ಲಿಕ್ಸ್ ಮಸುಕಾಗಿ ಕಾಣುವುದೂ ಉಂಟು.

ಜಿಯೋ ಸಿಮ್ ಇರುವವರಿಗೆ ಒಂದು ಮಾತು. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ವೋಲ್ಟಿ (4ಜಿ ಮೂಲಕವೇ ಕರೆ) ಕೆಲಸ ಮಾಡದ ವ್ಯವಸ್ಥೆ ಹಾಕಿದರೆ ಇಂಟರ್‌ನೆಟ್ ಬರುತ್ತದೆ, ಕರೆ ಬರುವುದಿಲ್ಲ. ಆಂಡ್ರಾಯ್ಡಿನ ಹಂಗೇ ಬೇಡವೆಂದು ಲಿನಕ್ಸ್ ಆಧಾರದ ಉಬುಂಟು ಟಚ್ ಓಎಸ್ ಕಡೆಗೆ ಹೊರಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಅದರಲ್ಲಿ ವೋಲ್ಟಿ ನಡೆಯುವುದು ಕೆಲವೇ ಮಾಡೆಲ್‌ಗಳಲ್ಲಿ.

ಜೋಡಿಸಿಕೊಳ್ಳಬೇಕಾದದ್ದು

ಕಂಪ್ಯೂಟರು, ಡೇಟಾ ಹೋಗುವ ಯುಎಸ್‌ಬಿ ಕೇಬಲ್ (ಬರೀ ಚಾರ್ಜ್ ಮಾಡುವ ಕೇಬಲ್ ಆಗದು), ಗೂಗಲ್‌ನ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಜಿಪ್ ಫೈಲು. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ, ಫಾಸ್ಟ್‌ಬೂಟ್ ಎರಡೂ ಆ ಜಿಪ್‌ನಲ್ಲೇ ಇವೆ. ಲೀನಿಯೇಜ್ ತಾಣದಿಂದ ಓಎಸ್‌ನ ಜಿಪ್, ಬೂಟ್ ಇಮೇಜ್, ‘ಕಾಪಿ ಪಾರ್ಟಿಷನ್ಸ್’ ಜಿಪ್ ಇಳಿಸಿಕೊಳ್ಳಿ. ಪ್ಲೇ ಸ್ಟೋರ್ ಬೇಕಿದ್ದರೆ ಅದೇ ಆಂಡ್ರಾಯ್ಡ್ ಆವೃತ್ತಿಯ ‘ಮೈಂಡ್ ದ ಗ್ಯಾಪ್ಸ್’ (ಗೂಗಲ್ ಆ್ಯಪ್‌ಗಳ ಜಿಪ್) ಕೂಡ. ಫೈಲು ಪೂರ್ತಿ ಇಳಿದಿದೆಯೇ ಎಂದು ತಿಳಿಯಲು ಡೌನ್‌ಲೋಡ್ ಪುಟದಲ್ಲಿರುವ ಎಸ್‌ಎಚ್‌ಎ256 ಸಂಖ್ಯೆಯನ್ನು ನಿಮ್ಮ ಫೈಲಿನದರ ಜೊತೆ ತಾಳೆ ನೋಡಿ. ಅರ್ಧ ಇಳಿದ ಫೈಲು ಮುಂದೆ ವಿನಾಕಾರಣ ತಲೆ ತಿನ್ನುತ್ತದೆ.

ಅನ್‌ಲಾಕ್ ಮಾಡಿದಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಫೋಟೊಗಳ ಜೊತೆ ವಾಟ್ಸ್‌ಆ್ಯಪ್ ಬ್ಯಾಕಪ್ ಇರುವ ಫೋಲ್ಡರನ್ನೂ ಕಂಪ್ಯೂಟರಿಗೆ ನಕಲು ಮಾಡಿ. ಓಟಿಪಿ ಆ್ಯಪ್‌ನ ಕೀಲಿಗಳನ್ನು ಮರೆಯಬೇಡಿ. ಗೂಗಲ್ ಖಾತೆಯನ್ನು ಫೋನಿನಿಂದ ತೆಗೆದುಬಿಡಿ. ಒನ್‌ಪ್ಲಸ್ 6 ಆದರೆ ಮೊದಲು ಅದರ ಕೊನೆಯ ಅಧಿಕೃತ ಆಂಡ್ರಾಯ್ಡ್ 11 ಹಾಕಿರಬೇಕು.

ಅನ್‌ಲಾಕ್

ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ‘ಓಇಎಂ ಅನ್‌ಲಾಕಿಂಗ್’ ಮತ್ತು ‘ಯುಎಸ್‌ಬಿ ಡೀಬಗ್ಗಿಂಗ್’ ಆನ್ ಮಾಡಿ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ, ಟೈಪ್ ಮಾಡುವುದು ಫೋನು ಜೋಡಿಸಿದ ಕಂಪ್ಯೂಟರಿನ ಕಮಾಂಡ್ ವಿಂಡೋದಲ್ಲಿ, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ.

ಎಡಿಬಿ ರೀಬೂಟ್ ಬೂಟ್‌ಲೋಡರ್
ಫಾಸ್ಟ್‌ಬೂಟ್ ಓಇಎಂ ಅನ್‌ಲಾಕ್

ಫೋನಿನ ಪರದೆಯಲ್ಲಿ ವಾಲ್ಯೂಮ್ ಗುಂಡಿಯಿಂದ ಒಪ್ಪಿಗೆ ಆರಿಸಿ ಪವರ್ ಒತ್ತಿ. ಪಿಕ್ಸೆಲ್ ಫೋನಾದರೆ ಎರಡನೇ ಆಜ್ಞೆ ‘ಫಾಸ್ಟ್‌ಬೂಟ್ ಫ್ಲಾಶಿಂಗ್ ಅನ್‌ಲಾಕ್’. ಇನ್ನು ಮೇಲೆ ಪ್ರತಿ ಸಲ ಫೋನು ಏಳುವಾಗ ಒಂದು ಎಚ್ಚರಿಕೆ ಬರುತ್ತದೆ, ಅದು ಹೋಗುವುದಿಲ್ಲ. ಫಾಸ್ಟ್‌ಬೂಟ್ ಫೋನನ್ನು ಗುರುತಿಸದೆ ‘ವೇಟಿಂಗ್’ ಎನ್ನುತ್ತ ಕೂತರೆ ವಿಂಡೋಸ್‌ನಲ್ಲಿ ಡ್ರೈವರ್ ನೋಡಿ. ಅದು ಸರಿಯಿದ್ದರೆ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಬಿಟ್ಟು ಯುಎಸ್‌ಬಿ 2ಕ್ಕೆ ಚುಚ್ಚಿ. ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ.

ಹಾಕುವುದು

ಎಲ್ಲ ಅಳಿಸಿದ ಫೋನಿನಲ್ಲಿ ಮತ್ತೆ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಬೂಟ್‌ಲೋಡರ್‌ಗೆ ಹೋಗಿ. ಒನ್‌ಪ್ಲಸ್ 6ರಲ್ಲಿ ರಿಕವರಿಗೆ (ಓಎಸ್ ಹಾಕಲು, ಅಳಿಸಲು ಇರುವ ಪುಟ್ಟ ವ್ಯವಸ್ಥೆ) ಬೇರೆ ಪಾರ್ಟಿಷನ್, ಅಂದರೆ ಮೆಮೊರಿಯಲ್ಲಿ ಬೇರೆ ವಿಭಾಗ, ಇಲ್ಲ, ಅದು ಬೂಟ್ ಒಳಗೇ ಇದೆ. ಹಾಗಾಗಿ ಆಜ್ಞೆ ಹೀಗೆ:

ಫಾಸ್ಟ್‌ಬೂಟ್ ಫ್ಲಾಶ್ ಬೂಟ್ ಬೂಟ್.ಐಎಂಜಿ

ಆದ ಕೂಡಲೇ ಹಳೇ ವ್ಯವಸ್ಥೆಗೆ ಹೋಗದೆ ನೇರ ರಿಕವರಿಗೆ ಹೋಗಿ. ಈ ಫೋನಿನಲ್ಲಿ ಓಎಸ್ ಮತ್ತು ಫರ್ಮ್‌ವೇರ್ (ಯಂತ್ರಾಂಶವನ್ನು ನಡೆಸುವ ಒಳ ಸಾಫ್ಟ್‌ವೇರು) ಇರುವ ಪಾರ್ಟಿಷನ್‌ಗಳು ಎ, ಬಿ ಎಂದು ಎರಡು ಜೊತೆ. ನೀವು ಬಳಸುತ್ತಿದ್ದ ಜೊತೆಯಲ್ಲಿ ಹೊಸ ಫರ್ಮ್‌ವೇರ್ ಇದ್ದರೂ ಇನ್ನೊಂದರಲ್ಲಿ ಹಳೆಯದೇ ಉಳಿದಿರಬಹುದು. ಓಎಸ್ ಹೋಗಿ ಕೂರುವುದು ಆ ಇನ್ನೊಂದರಲ್ಲೇ! ಹೊಸ ಓಎಸ್, ಹಳೇ ಫರ್ಮ್‌ವೇರ್ ಸೇರಿದರೆ ಫೋನು ಏಳದೇ ಹೋಗಬಹುದು. ಕಾಪಿ ಪಾರ್ಟಿಷನ್ಸ್ ಜಿಪ್ ಮಾಡುವುದು ಎರಡನ್ನೂ ಒಂದೇ ಮಾಡುವ ಕೆಲಸ. ಎಲ್ಲಕ್ಕಿಂತ ಮೊದಲು ಅದನ್ನು ಹಾಕಿ.

ಕ್ರಮ ಹೀಗೆ. ‘ಅಪ್ಲೈ ಅಪ್‌ಡೇಟ್’, ಅದರೊಳಗೆ ‘ಅಪ್ಲೈ ಫ್ರಮ್ ಎಡಿಬಿ’ ಒತ್ತಿ. ಕಂಪ್ಯೂಟರಿನಲ್ಲಿ ‘ಎಡಿಬಿ -ಡಿ ಸೈಡ್‌ಲೋಡ್’ (ಕೇಬಲ್ ಮೂಲಕ ಫೈಲು ಕಳಿಸಿ ಹಾಕುವ ಆಜ್ಞೆ) ಬರೆದು ಕಾಪಿ ಪಾರ್ಟಿಷನ್ಸ್ ಫೈಲಿನ ಹೆಸರು ಕೊಡಿ. ‘ಅಡ್ವಾನ್ಸ್‌ಡ್’ನಿಂದ ರಿಕವರಿಗೇ ರೀಬೂಟ್ ಮಾಡಿ. ‘ಫ್ಯಾಕ್ಟರಿ ರೀಸೆಟ್’ನಲ್ಲಿ ಡೇಟಾ ಫಾರ್ಮ್ಯಾಟ್ ಮಾಡಿ. ಅದೇ ದಾರಿಯಲ್ಲಿ ಲೀನಿಯೇಜ್ ಜಿಪ್ ಸೈಡ್‌ಲೋಡ್ ಮಾಡಿ. ಕಂಪ್ಯೂಟರಿನಲ್ಲಿ ಎಣಿಕೆ 47 ಶೇಕಡಕ್ಕೆ ನಿಂತು ‘ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸೆಸ್’ ಎಂಬ ವಿಚಿತ್ರ ಸಂದೇಶ ಬಂದರೆ ಗಾಬರಿ ಬೇಡ, ಕೇಬಲ್ ಕೀಳಬೇಡಿ. ಕೆಲಸ ಆಗಿದೆ ಎಂದೇ ಅದರ ಅರ್ಥ.

ಗೂಗಲ್ ಆ್ಯಪ್ ಬೇಕೆಂದರೆ ಫೋನನ್ನು ಏಳಿಸುವ ಮೊದಲೇ, ಮತ್ತೊಮ್ಮೆ ರಿಕವರಿಗೆ ಬಂದು ಹಾಕಬೇಕು. ಒಮ್ಮೆ ಓಎಸ್ ಎದ್ದಮೇಲೆ ಹಾಕಿದರೆ ಒಂದರ ಮೇಲೊಂದು ಆ್ಯಪ್ ಕುಸಿಯುತ್ತದೆ, ಪುನಃ ಫಾರ್ಮ್ಯಾಟೇ ಗತಿ. ‘ಸಿಗ್ನೇಚರ್ ವೆರಿಫಿಕೇಷನ್ ಫೇಲ್ಡ್’ ಎಂದರೆ ಯೆಸ್ ಕೊಡಿ. ಈ ಜಿಪ್‌ಗೆ ಲೀನಿಯೇಜ್‌ನವರ ಸಹಿ ಇರುವುದಿಲ್ಲ, ಅಷ್ಟೆ. ಕೊನೆಗೆ ರೀಬೂಟ್. ಮೊದಲ ಸಲ ಏಳಲು ಹದಿನೈದು ನಿಮಿಷದವರೆಗೂ ಹಿಡಿಯಬಹುದು.

ಎಲ್ಲ ಮುಗಿಯಿತೆಂದು ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಲು ಹೋಗಬೇಡಿ. ಕಂಪನಿಯ ಸಹಿ ಇಲ್ಲದ ಓಎಸ್ ಕಂಡು ಫೋನು ಏಳುವುದನ್ನೇ ನಿಲ್ಲಿಸುತ್ತದೆ. ಮರಳಿ ಲಾಕ್ ಮಾಡಿ ಬಳಸಲೇಬೇಕು ಎಂಬವರು ಪಿಕ್ಸೆಲ್ ಕೊಂಡು, ಹಾಕಿದ ಮೇಲೆ ಮತ್ತೆ ಲಾಕ್ ಮಾಡಬಹುದಾದ ಗ್ರಫೀನ್ ಓಎಸ್ ಹಾಕಿಕೊಳ್ಳುವುದು ಒಳ್ಳೆಯದು.

ಆಮೇಲೆ

ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆ, ಅಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೂ ಕನ್ನಡ ಸೇರಿಸಿಕೊಳ್ಳಬಹುದು. ಅದು ಹಿಡಿಸದಿದ್ದರೆ ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಿಂದ ‘ಇಂಡಿಕ್ ಕೀಬೋರ್ಡ್’ ಹಾಕಿ. ಗೂಗಲ್ ಇಲ್ಲದೆ ಇರುವವರಿಗೆ ಅನೇಕ ಓಪನ್ ಸೋರ್ಸ್ ಆ್ಯಪ್‌ಗಳು ಎಫ್-ಡ್ರಾಯ್ಡ್‌ನಲ್ಲೇ ಸಿಗುತ್ತವೆ. ವಾಟ್ಸ್‌ಆ್ಯಪ್ ತನ್ನ ಎಪಿಕೆಯನ್ನು (ಆ್ಯಪ್ ಹಾಕುವ ಫೈಲು) ತನ್ನ ತಾಣದಲ್ಲೇ ಇಟ್ಟಿದೆ.

ಸೆಟ್ಟಿಂಗ್ಸ್‌ನ ‘ಅಪ್‌ಡೇಟರ್’ನಲ್ಲಿ ಸಾಮಾನ್ಯವಾಗಿ ವಾರಕ್ಕೊಂದು ಹೊಸ ಬಿಲ್ಡ್ ಬರುತ್ತದೆ. ಇದು ಹಾಕಿದರೆ ನಿಮ್ಮ ಡೇಟಾ ಹೋಗದು, ಗೂಗಲ್ ಆ್ಯಪ್‌ಗಳೂ ಉಳಿಯುತ್ತವೆ. ಆದರೆ ಒಂದು ಆಂಡ್ರಾಯ್ಡ್ ಆವೃತ್ತಿಯಿಂದ ಮುಂದಿನದಕ್ಕೆ ಹೋಗುವುದು ಅಪ್‌ಡೇಟರ್‌ನಿಂದ ಆಗುವುದಿಲ್ಲ. ಮತ್ತೆ ಕೇಬಲ್, ಮತ್ತೆ ಸೈಡ್‌ಲೋಡ್. ಜೊತೆಗೆ ಹೊಸ ಆವೃತ್ತಿಗೆ ಹೊಂದುವ ಮೈಂಡ್ ದ ಗ್ಯಾಪ್ಸ್. ಆಗ ಮಾತ್ರ ಡೇಟಾ ಫಾರ್ಮ್ಯಾಟ್ ಮಾಡಬೇಡಿ.