ಫಾಸ್ಫೇಟ್ ಹಿಡಿಯುವ ಮಾತ್ರೆ ತಟ್ಟೆ ಪಕ್ಕದಲ್ಲೇ ಇರಲಿ

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮಾತ್ರೆ ಡಬ್ಬಿಯಲ್ಲಿ ಸಾಮಾನ್ಯವಾಗಿ ಸೆವೆಲಮರ್, ಕ್ಯಾಲ್ಸಿಯಂ ಅಸಿಟೇಟ್ ಅಥವಾ ಲ್ಯಾಂಥನಮ್ ಅನ್ನುವ, ಫಾಸ್ಫೇಟ್ (ಊಟದಲ್ಲಿರುವ ಫಾಸ್ಫರಸ್) ಹಿಡಿಯುವ ಮಾತ್ರೆ ಇರುತ್ತದೆ. ತುಂಬಾ ಜನ ಇದನ್ನೂ ಬಿಪಿ ಮಾತ್ರೆ ಜೊತೆ ಖಾಲಿ ಹೊಟ್ಟೆಗೆ ನುಂಗಿಬಿಡುತ್ತಾರೆ. ಅದು ಸುಮ್ನೆ ದಂಡ. ಈ ಮಾತ್ರೆ ಊಟದಿಂದ ಬಂದ ಫಾಸ್ಫೇಟನ್ನು ಹೊಟ್ಟೆ, ಕರುಳಲ್ಲೇ ಹಿಡಿದುಕೊಂಡು ಮಲದ ಜೊತೆ ಹೊರಗೆ ಸಾಗಿಸುತ್ತದೆ, ಅಷ್ಟೇ ಅದರ ಕೆಲಸ. ಊಟವೇ ಇಲ್ಲದಿದ್ದರೆ ಹಿಡಿಯುವುದಕ್ಕೆ ಏನಿದೆ?

ಡಯಾಲಿಸಿಸ್ ಆಗ್ತಿದೆಯಲ್ಲ, ಸಾಕಲ್ವಾ ಅಂತ ಕೇಳುತ್ತಾರೆ. ಸಾಕಾಗಲ್ಲ. 4 ಗಂಟೆಯ ಡಯಾಲಿಸಿಸ್ ತೆಗೆಯುವುದು ಹೆಚ್ಚೂಕಡಿಮೆ 800ರಿಂದ 1000 ಮಿಲಿಗ್ರಾಂ ಫಾಸ್ಫರಸ್. ನಾವು ಒಂದೇ ದಿನಕ್ಕೆ ಅಷ್ಟು ತಿನ್ನುತ್ತೇವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಕ್ತಕ್ಕೆ ಸೇರುತ್ತದೆ, ಊಟ ದಿನಾ ಇದೆ, ಡಯಾಲಿಸಿಸ್ ವಾರಕ್ಕೆ ಎರಡೋ ಮೂರೋ ಸಲ. ಉಳಿದದ್ದು ಮೈ ತುರಿಕೆ ತರುತ್ತದೆ, ಮೂಳೆ ಸವೆಸುತ್ತದೆ, ರಕ್ತನಾಳ ಗಟ್ಟಿಯಾಗಿಸುತ್ತದೆ.

ಸೆವೆಲಮರ್ ಅನ್ನು ಊಟದ ಜೊತೆ ಇಡಿಯಾಗಿ ನುಂಗಿ. ಪುಡಿ ಮಾಡಬೇಡಿ, ಅಗಿಯಬೇಡಿ, ನೀರು ತಾಗಿದರೆ ಅದು ಉಬ್ಬುತ್ತದೆ. ಲ್ಯಾಂಥನಮ್ ಪೂರ್ತಿ ಉಲ್ಟಾ: ಅದನ್ನು ಚೆನ್ನಾಗಿ ಅಗಿದೇ ನುಂಗಬೇಕು, ಹಲ್ಲು ಗಟ್ಟಿ ಇಲ್ಲದವರು ನುಣ್ಣಗೆ ಪುಡಿ ಮಾಡಿಕೊಳ್ಳಬಹುದು. ಊಟ ಬಿಟ್ಟ ಹೊತ್ತು ಮಾತ್ರೆಯನ್ನೂ ಬಿಡಿ, ಮುಂದಿನ ಊಟಕ್ಕೆ ಎರಡರಷ್ಟು ನುಂಗಬೇಡಿ.

ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಮುದ್ದೆ ಜೊತೆ ಮಾಂಸದ ಸಾರು ತಿನ್ನುವವರಿಗೆ ಮೂರೂ ಹೊತ್ತು ಒಂದೊಂದು ಮಾತ್ರೆ ಅನ್ನುವ ಲೆಕ್ಕ ಸರಿಹೋಗುತ್ತದಾ? ಯಾವ ಹೊತ್ತು ಏನು ತಿನ್ನುತ್ತೀರಿ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ, ದೊಡ್ಡ ಊಟಕ್ಕೆ ಜಾಸ್ತಿ ಹಾಕಬಹುದಾ ಕೇಳಿ. ಇದು ನೀವು ಕೇಳದೆ ಬಗೆಹರಿಯಲ್ಲ.

ಈ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ 4 ಗಂಟೆಯಾದರೂ ಅಂತರ ಇರಲಿ. ಸಿಪ್ರೋಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್ ಬರೆದುಕೊಟ್ಟರೆ ಹೊತ್ತು ಕೇಳಿಕೊಂಡೇ ಬನ್ನಿ. ಸೆವೆಲಮರ್‌ನಿಂದ ಮಲಬದ್ಧತೆ ಆಗುತ್ತದೆ, ಆದರೆ ಅದಕ್ಕೆ ಅಂಗಡಿಯಿಂದ ಮಿಲ್ಕ್ ಆಫ್ ಮೆಗ್ನೀಷಿಯಾ ತಂದು ಕುಡಿಯಬೇಡಿ, ಕಿಡ್ನಿ ಕೆಟ್ಟವರಲ್ಲಿ ಮೆಗ್ನೀಷಿಯಂ ಹೊರಗೆ ಹೋಗದೆ ಏರುತ್ತದೆ. ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕ್ಯಾಲ್ಸಿಯಂ ಅಸಿಟೇಟ್ ನುಂಗುವವರು ರಿಪೋರ್ಟಿನಲ್ಲಿ ಫಾಸ್ಫರಸ್ ಜೊತೆ ಕ್ಯಾಲ್ಸಿಯಂ ಕೂಡ ನೋಡಬೇಕು.

ಇನ್ನು ಬೇಳೆಕಾಳಿಗೆ ಹೆದರುವವರು ಕೋಲಾ, ಪ್ಯಾಕೆಟ್ ತಿಂಡಿಗೆ ಹೆದರುವುದಿಲ್ಲ. ಕಾಳಿನ ಫಾಸ್ಫೇಟಿನಲ್ಲಿ ಅರ್ಧದಷ್ಟು ಮೈಗೆ ಸೇರುವುದೇ ಇಲ್ಲ, ಕಾರ್ಖಾನೆಯಲ್ಲಿ ಬೆರೆಸಿದ್ದು ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಪ್ಯಾಕೆಟ್ ಹಿಂದೆ 338, 450, 451, 452 ಅನ್ನುವ, ಹೀಗೆ ಬೆರೆಸಿದ ಫಾಸ್ಫೇಟಿನ ನಂಬರ್ ಕಂಡರೆ ವಾಪಸ್ ಇಟ್ಟುಬಿಡಿ. ಮದುವೆ ಮನೆಗೆ ಹೊರಟಾಗ ಮಾತ್ರೆ ಶೀಟ್ ಜೇಬಿಗೆ ಹಾಕಿಕೊಳ್ಳಿ, ಎಲೆ ಮುಂದೆ ಕೂತಾಗಲೇ ಅದು ಕೈಗೆ ಸಿಗಬೇಕು.