ನಮಾಜು, ಬಲಿಪೂಜೆ, ಝಕಾತ್, ಕಾಣಿಕೆ: ಮಕ್ಕಳಿಗೆ ಒಂದೇ ಪಾಠವಾಗಿ ಕಲಿಸುವ ಬಗೆ

ಶಾಲೆಯಲ್ಲಿ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಪರಿಚಯ ಬಹುಮಟ್ಟಿಗೆ ಪಟ್ಟಿಯ ರೂಪದಲ್ಲಿ ನಡೆಯುತ್ತದೆ: ಗ್ರಂಥ ಯಾವುದು, ಪ್ರಾರ್ಥನಾ ಮಂದಿರ ಯಾವುದು, ಹಬ್ಬಗಳು ಯಾವುವು, ದಾನಕ್ಕೆ ಏನೆನ್ನುತ್ತಾರೆ. ಈ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಮಸೀದಿಗೆ ಹೋಗುವವರು ಝಕಾತ್ ಎಂಬ ಕಡ್ಡಾಯ ದಾನ ಕೊಡುತ್ತಾರೆ, ಚರ್ಚಿಗೆ ಹೋಗುವವರು ಕಾಣಿಕೆ ಹಾಕುತ್ತಾರೆ ಎಂಬುದು ತಿಳಿದಿರುತ್ತದೆ. ಆದರೆ ದೇವರ ಮುಂದೆ ತಲೆಬಾಗುವುದಕ್ಕೂ ಹಸಿದವನಿಗೆ ಕೊಡುವುದಕ್ಕೂ ಏನು ನಂಟು ಎಂದು ಕೇಳಿದರೆ ಅದು ಸುಮ್ಮನಾಗುತ್ತದೆ. 9ರಿಂದ 13 ವರ್ಷದ ಮಕ್ಕಳಿಗೆ ಆ ನಂಟನ್ನು ನಾಲ್ಕೈದು ತರಗತಿಗಳಲ್ಲಿ ತಿಳಿಸಿಕೊಡುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದೆ. ಮನೆಯಲ್ಲಿ ಕಲಿಸುವ ತಂದೆತಾಯಿಯರಿಗೂ ಇದು ಹೊಂದುತ್ತದೆ.

ಮೊದಲ ತರಗತಿಯನ್ನು ಪದಗಳಿಗೆ ಮೀಸಲಿಡಿ. ಆರಾಧನೆ, ಪ್ರಾರ್ಥನೆ, ದಾನ ಎಂಬ ಮೂರು ಕನ್ನಡ ಪದಗಳಿಗೆ ಎರಡೂ ಧರ್ಮಗಳಲ್ಲಿ ಒಂದೊಂದು ಸಮಾನಪದವಿದೆ ಎಂದು ಹೇಳಿಬಿಡುವುದು ಸುಲಭ, ಆದರೆ ತಪ್ಪು. ನಮಾಜನ್ನು ಬರಿಯ ಪ್ರಾರ್ಥನೆ ಎಂದರೆ ಸಾಲದು. ಅದು ವುಜೂ ಮಾಡಿ (ಮುಖ, ಕೈಕಾಲು ತೊಳೆದು ಶುದ್ಧರಾಗಿ), ಗೊತ್ತಾದ ಐದು ಹೊತ್ತುಗಳಲ್ಲಿ, ಗೊತ್ತಾದಷ್ಟು ರಕಾತುಗಳೊಂದಿಗೆ (ನಿಲ್ಲುವ, ಬಾಗುವ, ಹಣೆ ಊರುವ ಸುತ್ತುಗಳೊಂದಿಗೆ) ಸಲ್ಲಿಸುವ ಕರ್ತವ್ಯ. ಮನಸ್ಸಿನ ಕೋರಿಕೆಯನ್ನು ದೇವರ ಮುಂದಿಡುವುದಕ್ಕೆ ದುಆ ಎಂಬ ಬೇರೆ ಪದವಿದೆ. ಇವೆರಡನ್ನೂ ಒಳಗೊಂಡ ದೊಡ್ಡ ಪದ ಇಬಾದತ್, ಮತ್ತು ಝಕಾತ್ ಕೊಡುವುದು ಕೂಡ ಇಬಾದತ್ತೇ. ಕ್ರೈಸ್ತರಲ್ಲಿಯೂ ಭಾನುವಾರದ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಕ್ಯಾಥೊಲಿಕರ ಪೂಜೆ) ಅಥವಾ ಆರಾಧನೆ ಸಭೆ ಸೇರಿ ನಡೆಸುವಂಥದ್ದು. ರಾತ್ರಿ ಮಲಗುವ ಮುನ್ನ ಮಗು ಹೇಳುವ ಪ್ರಾರ್ಥನೆ ಇನ್ನೊಂದು ಬಗೆಯದು. ಅನಾಥರನ್ನೂ ವಿಧವೆಯರನ್ನೂ ಕಷ್ಟದಲ್ಲಿ ನೋಡಿಕೊಳ್ಳುವುದೇ ಶುದ್ಧವಾದ ಭಕ್ತಿಯೆಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ ಹೇಳುತ್ತದೆ. ಹೀಗೆ ಪದಗಳನ್ನು ಬಿಡಿಸುತ್ತ ಹೋದಂತೆ ದಾನವು ಆರಾಧನೆಯ ಒಳಗೇ ಇದೆ ಎಂಬುದು ಮಕ್ಕಳಿಗೆ ತಾನಾಗಿಯೇ ಕಾಣತೊಡಗುತ್ತದೆ.

ಎರಡನೆಯ ತರಗತಿಯಲ್ಲಿ ಎರಡು ಪಠ್ಯಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಓದಿಸಿ. ಒಂದು, ಯೇಸು ಕಲಿಸಿದ “ಪರಲೋಕದಲ್ಲಿರುವ ನಮ್ಮ ತಂದೆಯೇ” ಎಂದು ಮೊದಲಾಗುವ ಪ್ರಾರ್ಥನೆ; ಇನ್ನೊಂದು, ನಮಾಜಿನ ಪ್ರತಿ ರಕಾತಿನಲ್ಲಿಯೂ ಪಠಿಸುವ, 7 ವಚನಗಳ ಅಲ್-ಫಾತಿಹಾ ಎಂಬ ಕುರ್‌ಆನಿನ ಮೊದಲ ಅಧ್ಯಾಯ. ಪ್ರಾರ್ಥಿಸುವವರನ್ನು ಸೂಚಿಸುವ ಸರ್ವನಾಮಗಳ ಕೆಳಗೆ ಗೆರೆ ಎಳೆಯಲು ಮಕ್ಕಳಿಗೆ ಹೇಳಿ. ಎರಡರಲ್ಲಿಯೂ “ನಾನು” ಇಲ್ಲ, “ನನ್ನ” ಇಲ್ಲ. ಇರುವುದೆಲ್ಲ “ನಾವು”, “ನಮ್ಮ”, “ನಮಗೆ”. ಕೋಣೆಯಲ್ಲಿ ಒಬ್ಬಳೇ ಕುಳಿತು ಪ್ರಾರ್ಥಿಸುವವಳೂ “ನಮ್ಮ ಅನುದಿನದ ಆಹಾರ” ಎಂದೇ ಬೇಡಬೇಕು; ಒಬ್ಬನೇ ನಿಂತು ನಮಾಜು ಮಾಡುವವನೂ “ನಿನ್ನನ್ನೇ ನಾವು ಆರಾಧಿಸುತ್ತೇವೆ” ಎಂದೇ ಹೇಳಬೇಕು. ಆಹಾರವನ್ನು ಎಲ್ಲರ ಪರವಾಗಿ ಬೇಡಿದ ಮೇಲೆ ತನ್ನ ತಟ್ಟೆಯದನ್ನು ತಾನೊಬ್ಬನೇ ಉಂಡರೆ ಆ ಮಾತಿಗೆ ಏನರ್ಥ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಿ, ಉತ್ತರವನ್ನು ಮಕ್ಕಳಿಗೇ ಬಿಡಿ. ವ್ಯಾಕರಣದ ಪಾಠ ಇಷ್ಟು ಕೆಲಸಕ್ಕೆ ಬರುವುದು ಅಪರೂಪ.

ಅದೇ ತರಗತಿಯಲ್ಲಿ ಸಮಯ ಉಳಿದರೆ ಕುರ್‌ಆನಿನ 107ನೆಯ ಅಧ್ಯಾಯವಾದ ಅಲ್-ಮಾಊನ್ ಅನ್ನು ಓದಿ ವಿವರಿಸಿ. ಅದೂ 7 ವಚನಗಳದ್ದೇ. ಅನಾಥನನ್ನು ತಳ್ಳುವವನು, ಬಡವರಿಗೆ ಉಣಿಸಲು ಪ್ರೇರೇಪಿಸದವನು, ತೋರಿಕೆಗಾಗಿ ನಮಾಜು ಮಾಡುತ್ತ ನಿತ್ಯೋಪಯೋಗದ ಸಣ್ಣ ವಸ್ತುವನ್ನೂ ಕೊಡಲೊಲ್ಲದವನು ಇವರೆಲ್ಲರನ್ನೂ ಅದು ಒಟ್ಟಿಗೆ ಖಂಡಿಸುತ್ತದೆ. ಮಾಊನ್ ಎಂದರೆ ನೆರೆಮನೆಯವರು ಎರವಲು ಕೇಳುವ ಪಾತ್ರೆ, ಉಪ್ಪು, ಕೊಡಲಿಯಂಥ ವಸ್ತುಗಳೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಪೆನ್ಸಿಲು, ರಬ್ಬರು ಎಂದು ಮಕ್ಕಳೇ ಪಟ್ಟಿಯನ್ನು ಮುಂದುವರಿಸಬಲ್ಲರು. ಇದರ ಜೊತೆಗೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಮಾತೊಂದನ್ನು ಸೇರಿಸಿ: ಬಲಿಪೀಠದ ಬಳಿಗೆ ಕಾಣಿಕೆ ತಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಬೇಸರವಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬರಬೇಕು.

ಮೂರನೆಯ ತರಗತಿ ಗಣಿತದ್ದು. ಒಂದು ಚಾಂದ್ರಮಾನ ವರ್ಷವಿಡೀ ನಿಸಾಬ್ ಎಂಬ ಕನಿಷ್ಠ ಮಿತಿಗಿಂತ ಹೆಚ್ಚಿನ ಉಳಿತಾಯ ಹೊಂದಿದ್ದವರು ಅದರ ಶೇಕಡಾ 2.5ನ್ನು, ಅಂದರೆ ನಲವತ್ತರಲ್ಲಿ ಒಂದು ಪಾಲನ್ನು, ಝಕಾತ್ ಆಗಿ ಕೊಡಬೇಕು. ಭಾರತದಲ್ಲಿ ಈ ಮಿತಿಯನ್ನು ಹೆಚ್ಚಾಗಿ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಿಂದ ಲೆಕ್ಕ ಹಾಕುತ್ತಾರೆ. 2,00,000 ರೂಪಾಯಿಯ ಉಳಿತಾಯಕ್ಕೆ 5,000 ರೂಪಾಯಿ ಎಂಬ ಲೆಕ್ಕವನ್ನು ಮಕ್ಕಳು ಬೇಗ ಮಾಡಿ ಮುಗಿಸುತ್ತಾರೆ. ಅನಂತರ ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಬರುವ ಬಡ ವಿಧವೆಯ ಪ್ರಸಂಗವನ್ನು ಹೇಳಿ. ದೇವಾಲಯದ ಬೊಕ್ಕಸಕ್ಕೆ ಸಿರಿವಂತರು ದೊಡ್ಡ ಮೊತ್ತ ಹಾಕುತ್ತಿದ್ದಾಗ ಅವಳು ಎರಡು ಸಣ್ಣ ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎಂದು ಯೇಸು ಹೇಳಿದನು, ಏಕೆಂದರೆ ಅದು ಅವಳ ಜೀವನಾಧಾರವೆಲ್ಲವೂ ಆಗಿತ್ತು. ಅವಳು ಕೊಟ್ಟದ್ದು ಶೇಕಡಾ ಎಷ್ಟು? ನೂರು. ಝಕಾತಿನ ನಿಯಮದಂತೆ ಅವಳು ಕೊಡಬೇಕಾಗಿದ್ದುದು ಎಷ್ಟು? ಸೊನ್ನೆ, ಅವಳು ಪಡೆಯುವವರ ಸಾಲಿಗೆ ಸೇರುತ್ತಾಳೆ.

ಈ ಎರಡು ಉತ್ತರಗಳ ಎದುರು ತರಗತಿ ಸ್ವಲ್ಪ ಹೊತ್ತು ನಿಲ್ಲಲಿ. ಒಂದರಲ್ಲಿ ಬಡವರ ಹಕ್ಕನ್ನು ಲೆಕ್ಕದಿಂದ ಭದ್ರಪಡಿಸಲಾಗಿದೆ, ಇನ್ನೊಂದರಲ್ಲಿ ಕೊಡುವವಳ ಮನಸ್ಸನ್ನು ತೂಗಲಾಗಿದೆ. ಹಾಗೆಂದು ಇಸ್ಲಾಮಿನಲ್ಲಿ ಲೆಕ್ಕ ಮಾತ್ರ, ಕ್ರೈಸ್ತ ಧರ್ಮದಲ್ಲಿ ಮನಸ್ಸು ಮಾತ್ರ ಎಂದು ಮಕ್ಕಳು ತೀರ್ಮಾನಿಸದಂತೆ ನೋಡಿಕೊಳ್ಳಬೇಕು. ಲೆಕ್ಕವಿಲ್ಲದ ದಾನಕ್ಕೆ ಸದಕಾ ಎಂಬ ಹೆಸರಿದೆ, ಸಹೋದರನೆದುರು ನಗುಮುಖ ತೋರುವುದೂ ಸದಕಾ ಎಂಬ ಹದೀಸ್ (ಪ್ರವಾದಿ ಮುಹಮ್ಮದರ ನುಡಿ) ಇದೆ. ಅತ್ತ ಅನೇಕ ಕ್ರೈಸ್ತ ಸಭೆಗಳಲ್ಲಿ ಆದಾಯದ ಹತ್ತರಲ್ಲಿ ಒಂದು ಪಾಲಾದ ದಶಮಾಂಶದ ರೂಢಿಯೂ ಇದೆ. ಹಣ ಎಲ್ಲಿ ಸೇರುತ್ತದೆ ಎಂಬುದರಲ್ಲಿ ನಿಜವಾದ ವ್ಯತ್ಯಾಸವಿದೆ. ಚರ್ಚಿನ ಕಾಣಿಕೆ ಸಭೆಯ ಖರ್ಚಿಗೂ ಬಡವರ ನೆರವಿಗೂ ಸಲ್ಲುತ್ತದೆ. ಝಕಾತ್ ಪಡೆಯಬಹುದಾದ 8 ವರ್ಗಗಳನ್ನು ಕುರ್‌ಆನ್ 9ನೆಯ ಅಧ್ಯಾಯದಲ್ಲಿ ಹೆಸರಿಸಿದೆ, ಹೆಚ್ಚಿನ ವಿದ್ವಾಂಸರ ಮತದಂತೆ ಮಸೀದಿ ಕಟ್ಟಲು ಆ ಹಣವನ್ನು ಬಳಸುವಂತಿಲ್ಲ.

ನಾಲ್ಕನೆಯ ತರಗತಿಯಲ್ಲಿ ಕೊಡುವ ಹೊತ್ತನ್ನು ಗುರುತಿಸಿ. ಬಲಿಪೂಜೆಯ ಘಟ್ಟಗಳನ್ನು ಕರಿಹಲಗೆಯ ಮೇಲೆ ಒಂದು ಗೆರೆಯಾಗಿ ಬರೆದರೆ ಕಾಣಿಕೆಯು ಕೊನೆಯಲ್ಲಿಲ್ಲ, ನಡುವೆ ಇದೆ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪೀಠಕ್ಕೆ ಅರ್ಪಿಸುವ ಹೊತ್ತಿನಲ್ಲಿಯೇ ಜನರ ಕಾಣಿಕೆಯನ್ನೂ ಸಂಗ್ರಹಿಸುತ್ತಾರೆ. ರಂಜಾನಿನ ಉಪವಾಸಗಳು ಮುಗಿದ ಮೇಲೆ ಕೊಡುವ ಫಿತ್ರಾ ಎಂಬ ದಾನ ಈದ್ ನಮಾಜಿಗೆ ಮೊದಲೇ ಬಡವರ ಕೈ ಸೇರಬೇಕು, ಅವರ ಮನೆಯಲ್ಲಿಯೂ ಹಬ್ಬದ ಅಡುಗೆಯಾಗಬೇಕು. ಕರಾವಳಿಯ ಶಾಲೆಯಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೂ ನೆನಪಿಸಿ: ಮಕ್ಕಳು ಯೇಸುವಿನ ತಾಯಿ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಆಶೀರ್ವದಿಸಿದ ಹೊಸ ತೆನೆ ಪ್ರತಿ ಮನೆಗೂ ಹೋಗುತ್ತದೆ, ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿ ಉಣ್ಣುತ್ತಾರೆ.

ಎರಡು ಎಚ್ಚರಿಕೆಗಳು ಅಗತ್ಯ. ನಮಾಜಿನ ಭಂಗಿಗಳನ್ನಾಗಲಿ ಬಲಿಪೂಜೆಯನ್ನಾಗಲಿ ಮಕ್ಕಳಿಂದ ಅಭಿನಯ ಮಾಡಿಸಬೇಡಿ. ಆರಾಧನೆ ನಾಟಕವಲ್ಲ, ಮನೆಯವರ ಆಕ್ಷೇಪವೂ ನ್ಯಾಯವಾದದ್ದೇ ಆಗಿರುತ್ತದೆ. ತರಗತಿಯಲ್ಲಿರುವ ಒಬ್ಬ ಮುಸ್ಲಿಂ ಹುಡುಗನನ್ನೋ ಕ್ರೈಸ್ತ ಹುಡುಗಿಯನ್ನೋ ಎಬ್ಬಿಸಿ ನಿಲ್ಲಿಸಿ, ನಿಮ್ಮಲ್ಲಿ ಹೇಗೆ ಎಂದು ಕೇಳುವುದೂ ಬೇಡ. ತಾನಾಗಿ ಹೇಳಿದರೆ ಸಂತೋಷದಿಂದ ಕೇಳಿ.

ಕೊನೆಯ ತರಗತಿಗೆ ಒಂದು ವಾರ ಮೊದಲು ಒಂದು ಕೆಲಸ ಕೊಡಿ: ಯಾರಿಗೂ ಗೊತ್ತಾಗದಂತೆ ಯಾರಿಗಾದರೂ ಒಂದು ಉಪಕಾರ ಮಾಡಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಬಹುತೇಕ ಅದೇ ಮಾತು ಬುಖಾರಿ ಸಂಗ್ರಹದ ಹದೀಸಿನಲ್ಲಿಯೂ ಇದೆ. ಮತ್ತಾಯನ ಆ ಅಧ್ಯಾಯ ದಾನ, ಪ್ರಾರ್ಥನೆ, ಉಪವಾಸಗಳನ್ನು ಇದೇ ಕ್ರಮದಲ್ಲಿ ಎತ್ತಿಕೊಂಡು ಮೂರಕ್ಕೂ ಗುಟ್ಟಿನ ನಿಯಮವನ್ನೇ ಹೇಳುತ್ತದೆ ಎಂಬುದನ್ನು ತೋರಿಸಿ. ವಾರ ಕಳೆದ ಮೇಲೆ ಏನು ಮಾಡಿದಿರಿ ಎಂದು ಮಾತ್ರ ಕೇಳಬಾರದು, ಕೇಳಿದರೆ ಕೆಲಸ ಕೆಟ್ಟಂತೆ. ಹೇಳದೆ ಇರುವುದು ಎಷ್ಟು ಕಷ್ಟವಾಯಿತು ಎಂದು ಕೇಳಿ, ಉತ್ತರಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿಕೊಳ್ಳಿ.